ಅಪ್‌ಡೇಟ್: ಮೊಲದ ಮರಿಗಳನ್ನ ಇನ್ನೊಂದು ತಾಯಿ ಹತ್ರ ಬಿಟ್ಟೆ
ಹೋದ ವಾರ ಕೇಳಿದ್ನಲ್ಲ, ಒಂದು ನ್ಯೂಜಿಲೆಂಡ್ ವೈಟ್ ತಳಿ ಮೊಲ 12 ಮರಿ ಹಾಕಿದೆ, ಮಾರನೇ ದಿನ ಇನ್ನೊಂದು ಬರೀ 4 ಹಾಕಿದೆ, ಹಂಚಬಹುದಾ ಅಂತ. ಹಂಚಿದೆ, ತುಂಬಾ ಥ್ಯಾಂಕ್ಸ್ ಎಲ್ರಿಗೂ.

ತಾಯಿಗಿರೋದು 8 ಮೊಲೆ, ದಿನಕ್ಕೊಂದೇ ಸಲ ಮೂರ್ನಾಲ್ಕು ನಿಮಿಷ ಹಾಲು ಕೊಟ್ಟು ಎದ್ದು ಹೋಗತ್ತೆ, 12ರಲ್ಲಿ ಸಣ್ಣವಕ್ಕೆ ಎಲ್ಲಿ ಸಿಗ್ಬೇಕು ಹೇಳಿ. ನೀವು ಹೇಳಿದ ಹಾಗೆ ದಪ್ಪಗಿರೋ 4 ಮರಿ ಎತ್ಕೊಂಡು, ಕಿವಿಗೆ ಮಾರ್ಕರ್ ಹಚ್ಚಿ, ಇನ್ನೊಂದು ತಾಯೀನ ಹೊರಗೆ ಮೇವಿಗೆ ಬಿಟ್ಟು, ಅದರ ಗೂಡಿನ ತುಪ್ಪಳ ಕೈಗೆ ಉಜ್ಜಿಕೊಂಡು, ಅದರ ಮರಿಗಳ ಮಧ್ಯನೇ ಇಟ್ಟು ಮೇಲೆ ತುಪ್ಪಳ ಮುಚ್ಚಿದೆ. ಒಂದು ಗಂಟೆ ಬಿಟ್ಟು ತಾಯೀನ ಒಳಗೆ ಬಿಟ್ಟೆ, ಮೂಸಿ ನೋಡ್ತು ಅಷ್ಟೇ, ಏನೂ ಮಾಡ್ಲಿಲ್ಲ.

ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಬೆಳಿಗ್ಗೆ ಬಾಕ್ಸ್ ತೆಗೆದ್ರೆ ಎಂಟೂ ಹೊಟ್ಟೆ ಗುಂಡಗೆ, ತೆಳು ಚರ್ಮದೊಳಗೆ ಬೆಳ್ಳಗೆ ಹಾಲು ಕಾಣ್ತಿತ್ತು! ಮಾರ್ಕರ್ ಇದ್ದ ನಾಲ್ಕಕ್ಕೂ.

ಹಳೇ ಗೂಡಲ್ಲಿ ತೀರಾ ಸಣ್ಣದೊಂದು ಮೂರನೇ ದಿನ ಹೋಯ್ತು, ಬೇಜಾರಾಯ್ತು. ಉಳಿದ ಏಳು ಚೆನ್ನಾಗಿವೆ. ಇವತ್ತಿಗೆ ದೊಡ್ಡವಕ್ಕೆ 9 ದಿನ, ಮೈಮೇಲೆ ಬಿಳಿ ಕೂದಲು ಬಂದಿದೆ, ಇನ್ನೊಂದೆರಡು ದಿನದಲ್ಲಿ ಕಣ್ಣು ಬಿಡ್ಬೋದು.