ಅಮ್ಮನ ಬಯಾಪ್ಸಿ ರಿಪೋರ್ಟ್‌ನಲ್ಲಿ ಟಿಟಿಎಫ್-1 ಪಾಸಿಟಿವ್ ಅಂತ ಇದೆ, ಹಾಗಂದರೆ ಏನು?

ಮಳೆಬಿಲ್ಲು:
ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಹೋದ ವಾರ ಗೊತ್ತಾಯಿತು. ರಿಪೋರ್ಟ್ ಹಿಡಿದು ಕೂತಿದ್ದೇನೆ. ಟಿಟಿಎಫ್-1 ಪಾಸಿಟಿವ್, ನ್ಯಾಪ್ಸಿನ್-ಎ ಪಾಸಿಟಿವ್, ಪಿ40 ನೆಗೆಟಿವ್, ಕೊನೆಗೆ ಅಡಿನೊಕಾರ್ಸಿನೋಮ ಅಂತ ಬರೆದಿದ್ದಾರೆ. ಎರಡೆರಡು ಪಾಸಿಟಿವ್ ನೋಡಿ ಎದೆ ಧಸಕ್ಕೆಂದಿತು. ಕಾಯಿಲೆ ಜೋರಾಗಿದೆ ಅಂತಲಾ ಇದರ ಅರ್ಥ?

ಗಾಜಿನಪಟ್ಟಿ:
ಅಲ್ಲ, ಮೊದಲು ಆ ಭಯ ಬಿಡಿ. ನಾನು ಪೆಥಾಲಜಿ ಲ್ಯಾಬ್‌ನಲ್ಲಿದ್ದೇನೆ, ದಿನಾ ಇಂಥ ಸ್ಲೈಡ್ ನೋಡುತ್ತೇನೆ. ಟಿಟಿಎಫ್-1, ನ್ಯಾಪ್ಸಿನ್, ಪಿ40 ಇವೆಲ್ಲ ಪ್ರೋಟೀನ್‌ಗಳು, ಅವು ಇದ್ದ ಕಡೆ ಕಂದು ಬರುವ ಹಾಗೆ ಬಯಾಪ್ಸಿ ಚೂರಿಗೆ ಬಣ್ಣ ಹಾಕುತ್ತೇವೆ. ಪಾಸಿಟಿವ್ ಅಂದರೆ ಆ ಪ್ರೋಟೀನ್ ಕೋಶದಲ್ಲಿ ಸಿಕ್ಕಿತು ಅಂತ ಅಷ್ಟೇ, ಕ್ಯಾನ್ಸರ್ ಎಷ್ಟು ಹರಡಿದೆ ಅಂತ ಅದು ಹೇಳುವುದಿಲ್ಲ. ಟಿಟಿಎಫ್-1 ಇದ್ದರೆ ನ್ಯೂಕ್ಲಿಯಸ್ಸೇ ಕಂದಾಗುತ್ತದೆ. ನ್ಯಾಪ್ಸಿನ್ ಇದ್ದರೆ ನ್ಯೂಕ್ಲಿಯಸ್ ನೀಲಿಯಾಗೇ ಉಳಿದು, ಸುತ್ತ ಕಂದು ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಎರಡನ್ನೂ ಶ್ವಾಸಕೋಶದ ಗಾಳಿಚೀಲದ ಕೋಶಗಳು ಮೊದಲಿಂದಲೂ ಮಾಡುತ್ತಿರುತ್ತವೆ, ಗ್ರಂಥಿ ಥರದ ಕೋಶಗಳ ಕ್ಯಾನ್ಸರ್ ಆದ ಅಡಿನೊಕಾರ್ಸಿನೋಮದಲ್ಲಿ ಆ ಗುರುತು ಸಾಮಾನ್ಯವಾಗಿ ಉಳಿದಿರುತ್ತದೆ. ಸ್ಕ್ವೇಮಸ್ ಅನ್ನೋ ಇನ್ನೊಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಆಗಿದ್ದರೆ ಪೂರ್ತಿ ಉಲ್ಟಾ, ಪಿ40 ಕಂದಾಗಿ ಇವೆರಡೂ ಖಾಲಿ ಇರುತ್ತಿದ್ದವು.

ನಿಧಾನಸ್ಥ:
ಒಂದು ಮಾತು ಸೇರಿಸುತ್ತೇನೆ. ಟಿಟಿಎಫ್-1 ಒಂದನ್ನೇ ನಂಬಬಾರದು. ಶ್ವಾಸಕೋಶದ ಬೇರೊಂದು ಬಗೆಯಾದ ಸ್ಮಾಲ್ ಸೆಲ್ ಕ್ಯಾನ್ಸರ್‌ನಲ್ಲೂ ಅದು ಬಹಳ ಸಲ ಪಾಸಿಟಿವ್ ಬರುತ್ತದೆ, ಥೈರಾಯ್ಡ್ ಗೆಡ್ಡೆಯಲ್ಲೂ. ಸ್ಮಾಲ್ ಸೆಲ್ ಅನುಮಾನ ಇದ್ದರೆ ಸಿನಾಪ್ಟೊಫೈಸಿನ್, ಕ್ರೊಮೊಗ್ರಾನಿನ್, ಸಿಡಿ56 ಅನ್ನೋ ಬೇರೆ ಪ್ರೋಟೀನ್‌ಗಳನ್ನು ನೋಡುತ್ತಾರೆ. ಸ್ಮಾಲ್ ಸೆಲ್‌ನಲ್ಲಿ ಕೋಶಗಳು ಎಷ್ಟು ಬೇಗ ಒಡೆದು ಹೆಚ್ಚುತ್ತಿವೆ ಅಂತ ತೋರಿಸುವ ಕೆಐ-67 ಸಾಮಾನ್ಯವಾಗಿ 50% ದಾಟಿರುತ್ತದೆ. ನಿಮ್ಮ ತಾಯಿಯದರಲ್ಲಿ ನ್ಯಾಪ್ಸಿನ್ ಕೂಡ ಪಾಸಿಟಿವ್ ಇದೆಯಲ್ಲ, ಅದು ಅಡಿನೊ ಕಡೆಗೇ ಬಲವಾಗಿ ಬೆರಳು ತೋರಿಸುತ್ತದೆ.

ಮಳೆಬಿಲ್ಲು:
ಈಗ ಸ್ವಲ್ಪ ಉಸಿರು ಬಂತು. ಆದರೆ ಅಡಿನೊ ಆದರೇನು, ಸ್ಕ್ವೇಮಸ್ ಆದರೇನು, ಕೊಡೋದು ಅದೇ ಕೀಮೋ ಅಲ್ವಾ?

ಗಾಜಿನಪಟ್ಟಿ:
ಅಲ್ಲ, ಅದಕ್ಕೇ ಇಷ್ಟೆಲ್ಲ ಬಣ್ಣ ಹಾಕಿ ನೋಡೋದು. ಪೆಮೆಟ್ರೆಕ್ಸೆಡ್ ಅನ್ನೋ ಔಷಧಿಯನ್ನು ಅಡಿನೊಗೆ ಕೊಡುತ್ತಾರೆ, ಸ್ಕ್ವೇಮಸ್‌ಗೆ ಕೊಡುವುದಿಲ್ಲ, ಅಲ್ಲಿ ಕೆಲಸ ಮಾಡಲ್ಲ. ಬೆವಾಸಿಝುಮ್ಯಾಬ್ ಅನ್ನೋ ಇನ್ನೊಂದು ಔಷಧಿ ಸ್ಕ್ವೇಮಸ್‌ನಲ್ಲಿ ಶ್ವಾಸಕೋಶದಿಂದ ಜೋರು ರಕ್ತಸ್ರಾವ ತರಬಹುದು. ಅಡಿನೊ ಅಂತ ಆದಮೇಲೆ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಅನ್ನೋ ಜೀನ್‌ಗಳ, ಪಿಡಿ-ಎಲ್1 ಅನ್ನೋ ಪ್ರೋಟೀನ್‌ನ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಲೇಬೇಕು. ಇಜಿಎಫ್‌ಆರ್ ಅಥವಾ ಎಎಲ್‌ಕೆ ಜೀನ್‌ನಲ್ಲಿ ಬದಲಾವಣೆ ಸಿಕ್ಕರೆ ಮಾತ್ರೆಯಲ್ಲೇ ಚಿಕಿತ್ಸೆ ಶುರು ಮಾಡುವ ದಾರಿ ಇದೆ.

ನಿಧಾನಸ್ಥ:
ಸೂಜಿಯಲ್ಲಿ ತೆಗೆದ ಚೂರು ಎಳ್ಳಷ್ಟೇ ಇರುತ್ತದೆ. ಸುಮ್ನೆ ಇನ್ನೊಂದಿಷ್ಟು ಬಣ್ಣ ಹಾಕಿಸಿ ಖಾಲಿ ಮಾಡಬೇಡಿ, ಈ ಪರೀಕ್ಷೆಗಳಿಗೂ ಅದೇ ಚೂರು ಬೇಕು. ಚೂರನ್ನು ಕೂರಿಸಿಟ್ಟ ಮೇಣದ ಬ್ಲಾಕ್‌ನಲ್ಲಿ ಎಷ್ಟು ಉಳಿದಿದೆ ಅಂತ ನಾಳೆಯೇ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ.