ಮೀಸಲು ಪಡೆಯ ತರಬೇತಿ ಮತ್ತು ಕೆಲಸದ ಪಾಳಿ: ತಕರಾರನ್ನು ಕೋರ್ಟಿಗೆ ಹೋಗದೆ ಬಗೆಹರಿಸಬಹುದೇ?

ಪ್ರಶ್ನೆ:
ಅಮೆರಿಕದ ಒಂದು ಗೋದಾಮಿನಲ್ಲಿ ಪಾಳಿ ಹಂಚುವ ಹೊಣೆ ನನ್ನದು. ನಮ್ಮ ತಂಡದ ಒಬ್ಬರು ಆರ್ಮಿ ರಿಸರ್ವ್‌ನಲ್ಲಿದ್ದು, ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಸುಮಾರು ಎರಡು ವಾರ ತರಬೇತಿಗೆ ಹೋಗುತ್ತಾರೆ. ಆ ಶನಿವಾರಗಳಿಗೆ ಬದಲಿ ಕೆಲಸಗಾರರನ್ನು ಅವರೇ ಹುಡುಕಿಕೊಡಬೇಕು, ಇಲ್ಲವೇ ತಮ್ಮ ಸಂಬಳಸಹಿತ ರಜೆಯನ್ನು ಬಳಸಬೇಕು ಎಂದು ಮಾಲೀಕರು ಪಟ್ಟು ಹಿಡಿದಿದ್ದಾರೆ. ಆ ನೌಕರರು ವಕೀಲರನ್ನು ಕಾಣುವ ಮಾತಾಡುತ್ತಿದ್ದಾರೆ. ಇಬ್ಬರ ನಡುವೆ ಸಿಕ್ಕಿಕೊಂಡಿರುವ ನಾನು ಯಾರನ್ನು ಸಂಪರ್ಕಿಸಬಹುದು?

ಉತ್ತರ 1:
ಮಾಲೀಕರ ಎರಡು ಷರತ್ತುಗಳೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸೈನಿಕ ಸೇವೆಗೆ ಹೋಗುವವರ ಉದ್ಯೋಗ ಹಕ್ಕುಗಳನ್ನು ಕಾಯುವ 1994ರ ಯೂಸೆರಾ (USERRA) ಕಾಯ್ದೆಯ ಪ್ರಕಾರ ರಜೆಯನ್ನು ಬಳಸುವುದು ಬಿಡುವುದು ನೌಕರರ ಇಚ್ಛೆ. ಬದಲಿ ವ್ಯವಸ್ಥೆ ಮಾಡುವುದು ಸಂಸ್ಥೆಯ ಕೆಲಸ. ನೌಕರರು ಮುಂಚಿತವಾಗಿ ತಿಳಿಸಬೇಕು, ಆದರೆ ಬಾಯಿಮಾತಿನಲ್ಲಿ ತಿಳಿಸಿದರೂ ಸಾಕು. ವಕೀಲರಿಗಿಂತ ಮೊದಲು ರಕ್ಷಣಾ ಇಲಾಖೆಯಡಿ 1972ರಿಂದ ಇರುವ, ಮೀಸಲು ಪಡೆಯವರು ಮತ್ತು ಅವರ ಮಾಲೀಕರ ನಡುವೆ ಸಂಧಾನ ಮಾಡುವ ಇಎಸ್‌ಜಿಆರ್ (ESGR) ಎಂಬ ಸಂಸ್ಥೆಗೆ ಕರೆ ಮಾಡಿ. ಅದರ ಸ್ವಯಂಸೇವಕ ಮಧ್ಯಸ್ಥರು ಶುಲ್ಕವಿಲ್ಲದೆ, ಯಾರ ಪಕ್ಷವನ್ನೂ ವಹಿಸದೆ ಎರಡೂ ಕಡೆಯವರೊಡನೆ ಮಾತನಾಡುತ್ತಾರೆ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ, ಬಹುಶಃ ಅದಕ್ಕೇ ಮಾಲೀಕರು ಅವರ ಮುಂದೆ ಅಷ್ಟು ಬಿಗಿಯಾಗುವುದಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಇಂತಹ ದೂರುಗಳನ್ನು ತನಿಖೆ ಮಾಡುವ ವೆಟ್ಸ್ (VETS) ವಿಭಾಗಕ್ಕೆ ದೂರು ಕೊಡಬಹುದು.

ಉತ್ತರ 2:
ಮಾಲೀಕರ ಕಷ್ಟವನ್ನು ತಳ್ಳಿಹಾಕಬಾರದು. ಸಣ್ಣ ತಂಡದಲ್ಲಿ ಒಬ್ಬರು ಕಡಿಮೆಯಾದರೂ ಲಾರಿಗಳು ಕಾದು ನಿಲ್ಲುತ್ತವೆ. ತರಬೇತಿಯ ದಿನಾಂಕ ತೀರಾ ಅನಾನುಕೂಲವಾಗಿದ್ದರೆ ಅವರು ಪಡೆಯ ಕಮಾಂಡರರನ್ನೇ ಸಂಪರ್ಕಿಸಿ ಬದಲಾವಣೆ ಸಾಧ್ಯವೇ ಎಂದು ಕೇಳಬಹುದು, ಆದರೆ ಒಪ್ಪದಿದ್ದರೆ ನೌಕರರನ್ನು ತಡೆಯುವಂತಿಲ್ಲ. ಗಂಟೆಯ ಲೆಕ್ಕದ ನೌಕರರಿಗೆ ಆ ದಿನಗಳ ಕೂಲಿ ಕೊಡಬೇಕೆಂದೂ ಈ ಕಾಯ್ದೆ ಹೇಳುವುದಿಲ್ಲ. ಇದನ್ನು ಮಾಲೀಕರಿಗೆ ಮೊದಲೇ ತಿಳಿಸಿದರೆ ಅರ್ಧ ಜಗಳ ತಣ್ಣಗಾದೀತು.

ಉತ್ತರ 3:
ಪಟ್ಟಿ ಮಾಡುವವರು ನೀವೇ ಆದ್ದರಿಂದ ಸೋಮವಾರವನ್ನು ಗಮನಿಸಿ. ತರಬೇತಿ ಮುಗಿಸಿದವರು ಮನೆ ತಲುಪಿ ಎಂಟು ಗಂಟೆ ಕಳೆದ ಮೇಲೆ ಆರಂಭವಾಗುವ ಪಾಳಿಗೆ ಬಂದರೆ ಸಾಕು. ಭಾನುವಾರ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದವರನ್ನು ಬೆಳಗಿನ ಐದರ ಪಾಳಿಗೆ ಹಾಕಿ, ಬರಲಿಲ್ಲವೆಂದು ಗೈರುಹಾಜರಿ ಬರೆದರೆ ಹೊಸ ತಕರಾರು ಹುಟ್ಟುತ್ತದೆ. ಇನ್ನೊಂದು ವಿಷಯ: ಇಂತಹ ದೂರಿನ ತನಿಖೆಗೆ ನೆರವಾದವರ ಮೇಲೆ, ಅಂದರೆ ನಿಮ್ಮ ಮೇಲೂ, ಮಾಲೀಕರು ಸೇಡಿನ ಕ್ರಮ ಕೈಗೊಳ್ಳುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ.