ಗ್ರೆನಡಾದ ‘ಲೇಬರ್ ಪಾರ್ಟಿ’: ಕಾರ್ಮಿಕ, ಕೂಲಿ, ದುಡಿಮೆಗಾರ... ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಗ್ರೆನಡಾ ಯುನೈಟೆಡ್ ಲೇಬರ್ ಪಾರ್ಟಿಯ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗ್ರೆನಡಾ ಕೆರಿಬಿಯನ್ ಕಡಲಿನ ಪುಟ್ಟ ದೇಶ. ಅದರ ಬಾವುಟದಲ್ಲೇ ಒಂದು ಜಾಯಿಕಾಯಿ ಇದೆ. ಕಥೆಗೆ ತೊಂದರೆ ಇಲ್ಲ, ಹೆಸರುಗಳು ಸತಾಯಿಸುತ್ತಿವೆ.

ಮೊದಲು ‘ಲೇಬರ್’. ಬ್ರಿಟನ್ನಿನ ಪಕ್ಷವನ್ನು ನಮ್ಮ ಪತ್ರಿಕೆಗಳು ‘ಲೇಬರ್ ಪಕ್ಷ’ ಅಂತಲೇ ಬರೆಯುತ್ತವೆ. ಇಲ್ಲೂ ಹಾಗೇ ಬಿಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಈ ಪಕ್ಷ ಹುಟ್ಟಿದ್ದು ತೋಟದ ಆಳುಗಳ ಸಂಘದ ಬೆನ್ನಿಗೆ. ಎರಿಕ್ ಗೇರಿ ಅನ್ನುವವರು ಅರೂಬಾ ದ್ವೀಪದ ಎಣ್ಣೆ ಕಾರ್ಖಾನೆಯಲ್ಲಿ ದುಡಿದು 1949ರಲ್ಲಿ ಊರಿಗೆ ಮರಳಿದರು. ಮರುವರ್ಷವೇ ಸಂಘ ಕಟ್ಟಿದರು. 1951ರ ಶುರುವಿನಲ್ಲಿ ಕೋಕೋ, ಜಾಯಿಕಾಯಿ, ಕಬ್ಬಿನ ಎಸ್ಟೇಟುಗಳಲ್ಲಿ ಕೆಲಸ ನಿಂತುಹೋಯಿತು. ಸರ್ಕಾರ ಗೇರಿಯನ್ನು ಹಿಡಿದು ಪಕ್ಕದ ಕ್ಯಾರಿಯಾಕೂ ದ್ವೀಪಕ್ಕೆ ಸಾಗಿಸಿತು. ಜನ ಇನ್ನೂ ಕೆರಳಿದರು. ಕೊನೆಗೆ ಅವರನ್ನು ಬಿಟ್ಟು, ಅವರ ಬಾಯಿಂದಲೇ ‘ಶಾಂತರಾಗಿ’ ಅಂತ ಹೇಳಿಸಬೇಕಾಯಿತು. ವಯಸ್ಕರಿಗೆಲ್ಲ ಮತ ಸಿಕ್ಕ ಮೊದಲ ಚುನಾವಣೆ ಅದೇ ಅಕ್ಟೋಬರಿನಲ್ಲಿ ನಡೆಯಿತು. 8 ಸೀಟಿನಲ್ಲಿ 6 ಗೇರಿ ಕಡೆಗೇ ಬಂದವು.

ಇಷ್ಟೆಲ್ಲ ‘ಲೇಬರ್’ ಅನ್ನುವ ಒಂದು ಮಾತಿನ ಹಿಂದಿದೆ. ‘ಕಾರ್ಮಿಕ ಪಕ್ಷ’ ಅಂದರೆ ನನ್ನ ಕಿವಿಗೆ ಫ್ಯಾಕ್ಟರಿ ಗೇಟು, ಶಿಫ್ಟು, ಸೈರನ್ ಕೇಳಿಸುತ್ತವೆ. ಜಾಯಿಕಾಯಿ ಆಯುವ ಹೆಂಗಸು ಅದರಲ್ಲಿ ಕಾಣುವುದಿಲ್ಲ. ‘ಕೂಲಿಕಾರರ ಪಕ್ಷ’ ತಕ್ಷಣ ನಾಲಿಗೆಗೆ ಬರುತ್ತದೆ, ಆದರೆ ಅದರಲ್ಲೊಂದು ಮುಳ್ಳಿದೆ. 1857ರಿಂದ 1885ರವರೆಗೆ ಭಾರತದಿಂದ ಕರಾರಿನ ಮೇಲೆ ಸಾವಿರಾರು ಜನರನ್ನು ಗ್ರೆನಡಾಗೆ ಹಡಗಿನಲ್ಲಿ ಒಯ್ದರು. ಆ ದ್ವೀಪಗಳಲ್ಲಿ ಅವರ ಮೊಮ್ಮಕ್ಕಳು, ಮರಿಮಕ್ಕಳನ್ನು ಹೀಗಳೆಯಲು ಬಳಸಿದ ಬೈಗುಳವೇ ‘ಕೂಲಿ’. ನಮಗೆ ಅದು ದಿನದ ಸಂಬಳ ಅಷ್ಟೆ, ಅಲ್ವಾ? ಓದುವವರು ಕನ್ನಡಿಗರೇ ಆದರೂ ಆ ಪದವನ್ನು ಪಕ್ಷದ ಹೆಸರಿಗೆ ಅಂಟಿಸಲು ನನಗೆ ಮನಸ್ಸಿಲ್ಲ. ‘ಕೂಲಿ ಏರಿತು’ ಅಂತ ಬರೆಯುವಾಗ ಮಾತ್ರ ಉಳಿಸಿಕೊಂಡಿದ್ದೇನೆ. ಸದ್ಯಕ್ಕೆ ಪಕ್ಷದ ಹೆಸರು ‘ದುಡಿಮೆಗಾರರ ಒಕ್ಕೂಟ ಪಕ್ಷ’. ‘ಯುನೈಟೆಡ್’ಗೆ ‘ಒಕ್ಕೂಟ’ ಸರಿಹೊಂದುತ್ತದಾ, ಹೇಳಿ.

ಅದಕ್ಕಿಂತ ಜಾಸ್ತಿ ಕಾಡಿದ್ದು ಆ ಸಂಘದ ಹೆಸರು: ಗ್ರೆನಡಾ ಮ್ಯಾನುಯಲ್ ಅಂಡ್ ಮೆಂಟಲ್ ವರ್ಕರ್ಸ್ ಯೂನಿಯನ್. ಇದನ್ನು ಹೀಗೇ ಕನ್ನಡ ಲಿಪಿಯಲ್ಲಿ ಬಿಟ್ಟರೆ ‘ಮೆಂಟಲ್’ ನೋಡಿ ನಗದವರು ಯಾರು? ‘ದೈಹಿಕ ಮತ್ತು ಬೌದ್ಧಿಕ ಕಾರ್ಮಿಕರ ಸಂಘ’ ಸರ್ಕಾರಿ ಸುತ್ತೋಲೆಯ ಭಾಷೆ. ಮೇಲಾಗಿ ‘ಬೌದ್ಧಿಕ’ ಅಂದಕೂಡಲೇ ಬುದ್ಧಿಜೀವಿಗಳು ಎದ್ದು ಬರುತ್ತಾರೆ. ಇಲ್ಲಿ ಬೇಕಾದದ್ದು ಗುಮಾಸ್ತರಂಥ ಲೆಕ್ಕ-ಬರಹದ ಜನ. ‘ಕೈಕೆಲಸ, ತಲೆಕೆಲಸ’ ಅನ್ನೋಣವೆಂದರೆ ‘ಕೈಕೆಲಸ’ ಬುಟ್ಟಿ ಹೆಣೆಯುವುದು, ಕಸೂತಿ ಹಾಕುವುದರ ಕಡೆ ಎಳೆಯುತ್ತದೆ. ‘ಮೈದುಡಿಮೆ-ತಲೆದುಡಿಮೆಯವರ ಸಂಘ’ ನನಗೆ ಹಿಡಿಸಿದೆ. ಒಬ್ಬ ಗೆಳೆಯರು ‘ರಟ್ಟೆದುಡಿಮೆ’ ಅಂದರು. ಅದೂ ಚೆನ್ನಾಗಿದೆ, ಸ್ವಲ್ಪ ನಾಟಕದ ಮಾತಿನ ಹಾಗಿದೆ.

1951ರ ಗಲಭೆಯನ್ನು ಅಲ್ಲಿನವರು ‘ಸ್ಕೈ ರೆಡ್’ ಅನ್ನುತ್ತಾರೆ. ಎಸ್ಟೇಟುಗಳಿಗೆ ಬಿದ್ದ ಬೆಂಕಿಗೆ ರಾತ್ರಿ ಬಾನು ಕೆಂಪಾಗಿ ಕಂಡಿತಂತೆ. ‘ಕೆಂಬಾನು’ ಅಂತ ಬರೆದೆ, ತಕ್ಷಣ ಹೊಡೆದುಹಾಕಿದೆ. ಆ ಪದವನ್ನು ನಮ್ಮ ಕವಿಗಳು ಬೆಳಗು-ಸಂಜೆಗೆ ಎತ್ತಿಟ್ಟುಬಿಟ್ಟಿದ್ದಾರೆ, ಬೆಂಕಿಯ ವಾಸನೆಯೇ ಬರುವುದಿಲ್ಲ. ‘ಬಾನು ಹತ್ತಿ ಉರಿದ ದಿನಗಳು’ ಹೇಗೆ?

1962ರಲ್ಲಿ ಗೇರಿ ಸರ್ಕಾರ ಹಣ ಪೋಲು ಮಾಡಿದೆ ಅಂತ, ಆಗ ದ್ವೀಪವನ್ನು ಆಳುತ್ತಿದ್ದ ಬ್ರಿಟಿಷರು ಸಂವಿಧಾನವನ್ನೇ ಅಮಾನತು ಮಾಡಿದರು. ಆ ಹಗರಣದ ಹೆಸರು ‘ಸ್ಕ್ವಾಂಡರ್‌ಮೇನಿಯಾ’. ಇದಕ್ಕೆ ‘ದುಂದಿನ ಹುಚ್ಚು’ ಸಾಕು ಅನ್ನಿಸುತ್ತದೆ.

ಇನ್ನು ‘ಮಂಗೂಸ್ ಗ್ಯಾಂಗ್’. 1967ರಲ್ಲಿ ಗೇರಿ ಮತ್ತೆ ಗದ್ದುಗೆಗೆ ಬಂದರು. 1974ರಲ್ಲಿ ದೇಶ ಸ್ವತಂತ್ರವಾದಾಗ ಪ್ರಧಾನಿಯೂ ಅವರೇ. ಆ ಕಾಲದಲ್ಲಿ ಎದುರಾಳಿಗಳನ್ನು ಬಡಿಯಲು ಇಟ್ಟುಕೊಂಡಿದ್ದ ಪಡೆ ಇದು. ‘ಮುಂಗುಸಿ ಪಡೆ’ ಅಂದರೆ ಅರ್ಥವೇನೋ ಸರಿ, ಹೆದರಿಕೆ ಮಾತ್ರ ಮಾಯ. ನಮ್ಮಲ್ಲಿ ಮುಂಗುಸಿ ಹಾವು ಕೊಲ್ಲುವ ಒಳ್ಳೆಯ ಪ್ರಾಣಿ, ದಾರಿಗೆ ಅಡ್ಡ ಬಂದರೆ ಶುಭ ಶಕುನ. ತಮಾಷೆ ಅಂದರೆ ಆ ಪ್ರಾಣಿಯೂ ಅದರ ಹೆಸರೂ ನಮ್ಮ ಕಡೆಯಿಂದಲೇ ಹೋದದ್ದು. ಇಂಗ್ಲಿಷಿಗೆ ‘ಮಂಗೂಸ್’ ಸಿಕ್ಕಿದ್ದು ಮರಾಠಿಯಿಂದ, ನಮ್ಮ ‘ಮುಂಗುಸಿ’ ಅದರ ನೆಂಟ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1872ರಲ್ಲಿ ಕಲ್ಕತ್ತೆಯಿಂದ ಮುಂಗುಸಿಗಳನ್ನು ಜಮೈಕಾಗೆ ತಂದರು, ಆಮೇಲೆ ಬೇರೆ ದ್ವೀಪಗಳಿಗೂ ಒಯ್ದರು. ಅವು ಕೋಳಿ, ಹಕ್ಕಿಗಳನ್ನೂ ಬಿಡದೆ ಅಲ್ಲಿ ಪಿಡುಗಾದವು. ಮೊದಲ ಸಲ ‘ಮುಂಗುಸಿ ಗೂಂಡಾ ಪಡೆ’ ಅಂತ ಬರೆದು, ಆಮೇಲೆ ಬರೀ ‘ಮುಂಗುಸಿ ಪಡೆ’ ಅಂದರೆ ನಡೆದೀತೇ?

1979ರ ಮಾರ್ಚ್ 13ರಂದು, ಗೇರಿ ದೇಶದಲ್ಲಿಲ್ಲದ ಹೊತ್ತು ನೋಡಿ, ಮಾರಿಸ್ ಬಿಷಪ್ ಅವರ ಎದುರಾಳಿ ಪಕ್ಷ ನ್ಯೂ ಜ್ಯುವೆಲ್ ಮೂವ್‌ಮೆಂಟ್ ಅಧಿಕಾರ ಕಿತ್ತುಕೊಂಡಿತು. 1984ರ ಚುನಾವಣೆಯಲ್ಲಿ ಗೇರಿ ಪಕ್ಷಕ್ಕೆ 15ರಲ್ಲಿ ಒಂದೇ ಸೀಟು. 1997ರಲ್ಲಿ ಗೇರಿ ತೀರಿಕೊಂಡರು. 1999ರ ಚುನಾವಣೆಯಲ್ಲಿ ಪಕ್ಷಕ್ಕೆ ಒಂದು ಸೀಟೂ ಸಿಗಲಿಲ್ಲ.

ಕೊನೆಯದು ಸಣ್ಣದು. ಅಭಿಮಾನಿಗಳು ಅವರನ್ನು ‘ಅಂಕಲ್ ಗೇರಿ’ ಅನ್ನುತ್ತಿದ್ದರು. ಕನ್ನಡದಲ್ಲಿ ಮಾವನೋ, ಚಿಕ್ಕಪ್ಪನೋ, ದೊಡ್ಡಪ್ಪನೋ ಮೊದಲು ತೀರ್ಮಾನ ಆಗಬೇಕು! ರಾಜಕಾರಣಿಗೆ ನಾವು ಪ್ರೀತಿಯಿಂದ ಸೇರಿಸುವುದು ‘ಅಣ್ಣ’. ಆದರೆ ‘ಗೇರಣ್ಣ’ ಅಂದರೆ ಮಂಡ್ಯ ಕಡೆಯ ಪಂಚಾಯ್ತಿ ಮೆಂಬರ್ ಆಗಿಬಿಡುತ್ತಾರೆ. ಬೇರೆ ಏನಾದರೂ ಹೊಳೆದರೆ ತಿಳಿಸಿ. ಇಲ್ಲವಾದರೆ ‘ಅಂಕಲ್’ ಅಂತಲೇ ಬಿಡುತ್ತೇನೆ.